ಮಿಂಚಂಚೆಗೊಂದು ಜರಡಿ

ಅಂಚೆಯವನ ಸೈಕಲ್ ಗಂಟೆಗೆ ಕಿವಿಗೊಟ್ಟು ಕಾಯುತ್ತಿದ್ದ ಬಾಲ್ಯದ ದಿನಗಳು ನನಗೆ ಇನ್ನೂ ನೆನಪಿವೆ. ವಾರಕ್ಕೆ ಎರಡೋ ಮೂರೋ ಪತ್ರಗಳು ಬಂದರೆ ಮನೆಗೆ ಅದೇ ಸಂಭ್ರಮ. ತಂದೆಯವರು ಪತ್ರವನ್ನು ಗಟ್ಟಿಯಾಗಿ ಓದುವರು. ಓದಿ ಮುಗಿದ ಮೇಲೆ ಅದು ಗೋಡೆಯ ಕೊಕ್ಕೆತಂತಿಗೆ ಸೇರುವುದು. ಇಂದು ನನ್ನ ಮೇಜಿನ ಮೇಲಿರುವ ಕಂಪ್ಯೂಟರಿಗೆ ದಿನವೊಂದಕ್ಕೆ 60-70 ಪತ್ರಗಳು ಬರುತ್ತವೆ. ಅವುಗಳಲ್ಲಿ ನನಗಾಗಿಯೇ ಬರೆದವು ಐದಾರು ಇದ್ದರೆ ಹೆಚ್ಚು. ಉಳಿದವುಗಳಲ್ಲಿ ಒಬ್ಬರು ಸಾಲ ಕೊಡುವೆವೆನ್ನುತ್ತಾರೆ, ಇನ್ನೊಬ್ಬರು ನಿವೇಶನ ಮಾರುವೆವೆನ್ನುತ್ತಾರೆ, ಮತ್ತೊಬ್ಬರು ನಾನು ಎಂದೂ ಕೊಳ್ಳದ ಲಾಟರಿಯಲ್ಲಿ ನನಗೆ ಬಹುಮಾನ ಬಂದಿದೆಯೆಂದು ಅಭಿನಂದಿಸುತ್ತಾರೆ!

ಇಂಥ ಗೃಹಸ್ಥರಿಗೆಂದೇ ಮಿಂಚಂಚೆಯ ತಂತ್ರಾಂಶಗಳಲ್ಲಿ ‘ಫಿಲ್ಟರ್’ ಎಂಬ ಏರ್ಪಾಡೊಂದಿದೆ. ನಾನು ಅದನ್ನು ಜರಡಿಯೆಂದು ಕರೆಯುತ್ತೇನೆ. ಅದನ್ನು ನಂಬಿ ನಾನು ಮಾಡಿಕೊಂಡ ತಪ್ಪೊಂದನ್ನು ಹೇಳಿಕೊಳ್ಳುವುದೇ ಈ ಬರಹದ ಉದ್ದೇಶ. ಅದಕ್ಕೆ ಮೊದಲು ಜರಡಿಯ ಪೂರ್ವೋತ್ತರವನ್ನು ಸ್ವಲ್ಪ ಹೇಳಬೇಕು.

ಬೇಡದ ಪತ್ರದ ಹುಟ್ಟು

ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಜಾಲದ ಮೂಲಕ ಪತ್ರ ಕಳುಹಿಸುವ ವಿದ್ಯೆಯನ್ನು ಅಮೆರಿಕದ ರೇ ಟಾಮ್ಲಿನ್ಸನ್ ಎಂಬ ಎಂಜಿನಿಯರು 1971ರಲ್ಲಿ ಸಾಧಿಸಿ ತೋರಿಸಿದರು. ಹೆಸರಿಗೂ ಯಂತ್ರಕ್ಕೂ ನಡುವೆ ನಾವು ಇಂದಿಗೂ ಬರೆಯುವ ‘ಅಟ್’ ಚಿಹ್ನೆಯನ್ನು ಆರಿಸಿದವರೂ ಅವರೇ. ಅದಾಗಿ ಏಳು ವರ್ಷಗಳು ತುಂಬುವುದರೊಳಗೆ, 1978ರ ಮೇ ತಿಂಗಳಲ್ಲಿ, ಕಂಪ್ಯೂಟರ್ ಕಂಪೆನಿಯೊಂದರ ಮಾರಾಟ ವಿಭಾಗದಲ್ಲಿದ್ದ ಗ್ಯಾರಿ ತೂರ್ಕ್ ಎಂಬವರು ತಮ್ಮ ಹೊಸ ಯಂತ್ರಗಳ ಜಾಹೀರಾತನ್ನು ಸುಮಾರು 400 ಮಂದಿಗೆ ಒಂದೇ ಏಟಿಗೆ ಕಳುಹಿಸಿದರು. ಅನೇಕರು ಸಿಡಿಮಿಡಿಗೊಂಡರು. ಆದರೆ ದಾರಿಯೊಂದು ತೆರೆದಿತ್ತು. ಕಾಗದಕ್ಕೆ ಅಂಚೆಚೀಟಿಯ ಖರ್ಚುಂಟು. ಮಿಂಚಂಚೆಯಲ್ಲಿ ಒಬ್ಬರಿಗೆ ಬರೆಯುವುದಕ್ಕೂ ಸಾವಿರ ಮಂದಿಗೆ ಬರೆಯುವುದಕ್ಕೂ ಖರ್ಚಿನಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಬೇಡದ ಪತ್ರಗಳು ಬೆಳೆದದ್ದು ಈ ಅಗ್ಗದ ನೆಲದಲ್ಲಿ.

ಪತ್ರಗಳು ಹೆಚ್ಚಿದಂತೆ ಅವುಗಳನ್ನು ಬೇರ್ಪಡಿಸುವ ಉಪಾಯಗಳೂ ಹುಟ್ಟಿದವು. 1980ರ ದಶಕದಲ್ಲಿಯೇ ಎಂ.ಐ.ಟಿ.ಯ ತಾಮಸ್ ಮ್ಯಾಲೋನ್ ಮತ್ತು ಅವರ ಸಂಗಡಿಗರು, ಓದುಗನು ತಾನೇ ನಿಯಮಗಳನ್ನು ಬರೆದು ಪತ್ರಗಳನ್ನು ವಿಂಗಡಿಸಿಕೊಳ್ಳುವ ವ್ಯವಸ್ಥೆಯೊಂದನ್ನು ರಚಿಸಿದರು. 2001ರಲ್ಲಿ ಇಂಥ ನಿಯಮಗಳನ್ನು ಬರೆಯುವುದಕ್ಕೆಂದೇ ಒಂದು ಪುಟ್ಟ ಭಾಷೆ ಅಂತರಜಾಲದ ಶಿಷ್ಟತೆಯಾಗಿ ಪ್ರಕಟವಾಯಿತು. ಅದರ ಹೆಸರು ‘ಸೀವ್’, ಎಂದರೆ ಜರಡಿ! ನಾನಿಟ್ಟ ಹೆಸರಿಗೆ ಆಧಾರವಿದೆಯೆಂದು ಇದರಿಂದ ವಾಚಕರು ಒಪ್ಪಿಯಾರು.

ಷರತ್ತು ಮತ್ತು ಕೆಲಸ

ನಾನು ಬಳಸುವುದು 2004ರಲ್ಲಿ ಮೊದಲ ಪೂರ್ಣ ಆವೃತ್ತಿಯಾಗಿ ಹೊರಬಂದ ‘ಥಂಡರ್‌ಬರ್ಡ್’ ಎಂಬ ಉಚಿತ ತಂತ್ರಾಂಶ. ಅದರಲ್ಲಿ ಪ್ರತಿಯೊಂದು ನಿಯಮಕ್ಕೂ ಎರಡು ಭಾಗಗಳು. ಮೊದಲನೆಯದು ಷರತ್ತು: ಕಳುಹಿಸಿದವರ ವಿಳಾಸದಲ್ಲಿ ಇಂಥದು ಇದ್ದರೆ, ವಿಷಯದ ಸಾಲಿನಲ್ಲಿ ಇಂಥ ಪದ ಕಂಡರೆ, ಎಂದು. ಎರಡನೆಯದು ಕೆಲಸ: ಪತ್ರವನ್ನು ಇಂಥ ಫೋಲ್ಡರಿಗೆ ಸಾಗಿಸು, ನಕ್ಷತ್ರದ ಗುರುತು ಹಾಕು, ಮತ್ತೊಬ್ಬರಿಗೆ ರವಾನಿಸು, ಅಳಿಸಿಬಿಡು, ಎಂದು. ಷರತ್ತುಗಳು ಹಲವಿದ್ದರೆ ‘ಎಲ್ಲವೂ ಹೊಂದಬೇಕು’ ಎಂದಾದರೂ ಹೇಳಬಹುದು, ‘ಯಾವುದಾದರೊಂದು ಹೊಂದಿದರೆ ಸಾಕು’ ಎಂದಾದರೂ ಹೇಳಬಹುದು. ನಿಯಮಗಳು ಪಟ್ಟಿಯಲ್ಲಿ ಮೇಲಿನಿಂದ ಕೆಳಕ್ಕೆ ಒಂದೊಂದಾಗಿ ನಡೆಯುತ್ತವೆ.

ಇದು ಕೈಗೆ ಬಂದ ದಿನ ನನ್ನ ಹಿಗ್ಗಿಗೆ ಪಾರವಿರಲಿಲ್ಲ. ಕಾಲೇಜಿನ ಸುತ್ತೋಲೆಗಳು ಒಂದು ಫೋಲ್ಡರಿಗೆ, ವಿದ್ಯುತ್ ಬಿಲ್ಲು ಇನ್ನೊಂದಕ್ಕೆ, ಭಾವಮೈದುನ ಕಳುಹಿಸುವ ಫೋಟೋಗಳು ಮತ್ತೊಂದಕ್ಕೆ ತಾವಾಗಿ ಹೋಗಿ ಕುಳಿತವು. ಅದೇ ಹುರುಪಿನಲ್ಲಿ 2023ರ ಬೇಸಿಗೆಯಲ್ಲಿ ಇನ್ನೊಂದು ನಿಯಮ ಬರೆದೆ: ‘ವಿಷಯದಲ್ಲಿ “ಸಾಲ” ಎಂದಿದ್ದರೆ ಅಳಿಸು.’ ಕನ್ನಡದಲ್ಲಿ ಬರುತ್ತಿದ್ದ ಸಾಲದ ಆಮಿಷಗಳೆಲ್ಲ ಮರುದಿನದಿಂದಲೇ ಮಾಯವಾದವು. ಮನೆಯವರ ಮುಂದೆ ಜಂಬ ಕೊಚ್ಚಿಕೊಂಡದ್ದೂ ಆಯಿತು.

ಬಸ್ ನಿಲ್ದಾಣದಲ್ಲಿ

ಅದೇ ವರ್ಷ ದಸರೆಯ ರಜೆಗೆ ಊರಿಗೆ ಹೊರಟು ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಎದುರಾದಳು. ತರಗತಿಯಲ್ಲಿ ಚುರುಕಾಗಿದ್ದ ಹುಡುಗಿ. ಬೇರೆ ಊರಿನಲ್ಲಿ ಎಂ.ಎ. ಓದುತ್ತಿದ್ದಾಳೆಂದು ಕೇಳಿದ್ದೆ. ಕುಶಲ ವಿಚಾರಿಸಿದೆ. ಅವಳು ತಲೆ ತಗ್ಗಿಸಿ, “ಪತ್ರ ಬರೆದಿದ್ದೆ ಸರ್. ತಮಗೆ ಬಿಡುವಿರಲಿಲ್ಲವೇನೋ, ಪರವಾಗಿಲ್ಲ” ಎಂದಳು. ಪತ್ರ ಬಂದೇ ಇಲ್ಲವೆಂದು ನಾನು ಹೇಳುತ್ತಿರುವಾಗಲೇ ಅವಳ ಬಸ್ಸು ಹೊರಟಿತು. ನನ್ನ ಮಾತನ್ನು ಅವಳು ನಂಬಿದಂತೆ ತೋರಲಿಲ್ಲ.

ಊರಿನಿಂದ ಹಿಂದಿರುಗಿದೊಡನೆ ಕಸದ ಫೋಲ್ಡರನ್ನು ತೆರೆದು ಹುಡುಕಿದೆ. ಸಾಲದ ಜಾಹೀರಾತುಗಳ ರಾಶಿಯ ನಡುವೆ ಅವಳ ಮೂರು ಪತ್ರಗಳಿದ್ದವು. ಮೂರರ ವಿಷಯವೂ ಒಂದೇ: ‘2023-24ನೇ ಸಾಲಿನ ವಿದ್ಯಾರ್ಥಿವೇತನಕ್ಕೆ ಶಿಫಾರಸು ಪತ್ರ.’ ಮೊದಲನೆಯದರಲ್ಲಿ ವಿನಂತಿ. ಎರಡನೆಯದರಲ್ಲಿ ಕೊನೆಯ ದಿನಾಂಕದ ನೆನಪು. ಮೂರನೆಯದರಲ್ಲಿ, ತೊಂದರೆ ಕೊಟ್ಟೆನೆಂದು ಕ್ಷಮಾಪಣೆ. ಆ ದಿನಾಂಕ ಕಳೆದು ತಿಂಗಳ ಮೇಲಾಗಿತ್ತು.

ನಡೆದದ್ದೇನು? ಬರವಣಿಗೆಯಲ್ಲಿ ‘ಲಿ’ ನಮಗೆ ಒಂದೇ ಅಕ್ಷರ. ಯಂತ್ರಕ್ಕೆ ಹಾಗಲ್ಲ. ಅದು ಮೊದಲು ‘ಲ’ವನ್ನೂ, ಅದರ ಬೆನ್ನಿಗೆ ಗುಡಿಸನ್ನೂ ಬೇರೆ ಬೇರೆ ಸಂಕೇತಗಳಾಗಿ ಬರೆದಿಟ್ಟುಕೊಳ್ಳುತ್ತದೆ. ಆದ್ದರಿಂದ ‘ಸಾಲಿನ’ ಎಂಬ ಪದದೊಳಗೆ ‘ಸಾಲ’ ಇಡಿಯಾಗಿ ಅಡಗಿದೆ. ‘ಸಾಲುಮರ’ದಲ್ಲಿಯೂ ಇದೆ, ‘ಮಸಾಲೆ’ಯಲ್ಲಿಯೂ ಇದೆ! ಗೆಳೆಯರು ಮಸಾಲೆ ದೋಸೆಗೆ ಕರೆದಿದ್ದರೂ ಆ ಕರೆ ಕಸಕ್ಕೇ ಹೋಗುತ್ತಿತ್ತು. ಯಂತ್ರದ ಮೇಲೆ ನಾನು ದೂರು ಹೇಳಲಾರೆ. ಹೇಳಿದ್ದನ್ನು ಅದು ಚಾಚೂ ತಪ್ಪದೆ ಮಾಡಿತ್ತು. ಸಾಲಕ್ಕೂ ಸಾಲಿಗೂ ಇರುವ ಭೇದವನ್ನು ವರ್ಷಗಟ್ಟಲೆ ತರಗತಿಯಲ್ಲಿ ಬೋಧಿಸಿದವನು ನಾನು. ನಿಯಮ ಬರೆಯುವಾಗ ಮರೆತವನೂ ನಾನೇ.

ಮೊರದ ಅಂಚು

ಈ ಸಂಗತಿಯನ್ನು ಹೇಳಿದಾಗ ನನ್ನ ಮಡದಿ ಅಕ್ಕಿ ಆರಿಸುತ್ತಿದ್ದಳು. “ಅಲ್ಲಾಂದ್ರೆ, ಕಲ್ಲೆಂದು ಕಂಡದ್ದನ್ನು ನಾನೇನು ಕೂಡಲೇ ಎಸೆದುಬಿಡುತ್ತೇನೆಯೇ? ಮೊರದ ಅಂಚಿಗೆ ಸರಿಸಿಡುತ್ತೇನೆ. ಕೊನೆಗೆ ಇನ್ನೊಮ್ಮೆ ನೋಡಿ, ಅಕ್ಕಿಯಿದ್ದರೆ ತೆಗೆದುಕೊಂಡು, ಆಮೇಲೆ ಎಸೆಯುವುದು” ಎಂದಳು. ನಾನು ಅಂದೇ ನನ್ನ ನಿಯಮವನ್ನು ತಿದ್ದಿದೆ. ‘ಅಳಿಸು’ ಎಂಬುದು ‘ಸಾಗಿಸು’ ಎಂದಾಯಿತು. ‘ಮೊರದ ಅಂಚು’ ಎಂಬ ಹೊಸ ಫೋಲ್ಡರು ಹುಟ್ಟಿತು.

ಜರಡಿ ಹಿಡಿಯಲು ಹೊರಟಿರುವ ವಾಚಕರಿಗೆ ಇನ್ನೂ ಕೆಲವು ಮಾತುಗಳು ಉಪಯೋಗಕ್ಕೆ ಬಂದಾವು. ಪದವನ್ನು ನಂಬುವುದಕ್ಕಿಂತ ಕಳುಹಿಸಿದವರ ವಿಳಾಸವನ್ನು ನಂಬುವುದು ಕ್ಷೇಮ. ವಿಳಾಸದ ಒಳಗೆ ಇನ್ನೊಂದು ಅರ್ಥ ಅಡಗಿರುವ ಸಂಭವ ಕಡಿಮೆ. ಬೇಕಾದವರ ನಿಯಮವನ್ನು ಪಟ್ಟಿಯ ತಲೆಯಲ್ಲಿಟ್ಟು, ‘ಮುಂದಿನ ನಿಯಮಗಳನ್ನು ನಿಲ್ಲಿಸು’ ಎಂಬ ಕೆಲಸವನ್ನು ಅದಕ್ಕೆ ಸೇರಿಸಬೇಕು. ಆಗ ಕೆಳಗಿನ ಕಟುವಾದ ನಿಯಮ ಅವರನ್ನು ಮುಟ್ಟದು. ಅಳಿಸದೆ ಬರಿದೆ ಗುರುತು ಹಾಕುವ ರೂಪದಲ್ಲಿ ಹೊಸ ನಿಯಮವನ್ನು ಹಳೆಯ ಪತ್ರಗಳ ಮೇಲೆ ಒಮ್ಮೆ ಓಡಿಸಿ ನೋಡಿದರೆ, ಅದು ಯಾರನ್ನೆಲ್ಲ ಹಿಡಿಯುವುದೆಂದು ಮೊದಲೇ ತಿಳಿಯುತ್ತದೆ. ಮೇಜಿನ ಕಂಪ್ಯೂಟರಿನ ಜರಡಿ ಆ ತಂತ್ರಾಂಶ ತೆರೆದಿರುವಾಗ ಮಾತ್ರ ಕೆಲಸ ಮಾಡುತ್ತದೆಂಬುದೂ ನೆನಪಿರಲಿ.

ಇದಲ್ಲದೆ, ನಾವು ನಿಯಮ ಬರೆಯದಿದ್ದರೂ ಕಸವನ್ನು ತಾನೇ ಗುರುತಿಸಲು ಕಲಿಯುವ ಬಗೆಯೊಂದಿದೆ. 18ನೇ ಶತಮಾನದ ಇಂಗ್ಲೆಂಡಿನ ಪಾದ್ರಿ ತಾಮಸ್ ಬೇಯ್ಸ್ ಅವರ ಸಂಭವನೀಯತೆಯ ಸೂತ್ರವೇ ಇದಕ್ಕೆ ಬುನಾದಿ. ಅವರು ತೀರಿಕೊಂಡ ಎರಡು ವರ್ಷಗಳ ಮೇಲೆ, 1763ರಲ್ಲಿ, ಅದು ಬೆಳಕಿಗೆ ಬಂದಿತು. 2002ರಲ್ಲಿ ಪಾಲ್ ಗ್ರಹಾಂ ಎಂಬವರು ಬರೆದ ಪ್ರಬಂಧದಿಂದ ಈ ವಿಧಾನ ಮಿಂಚಂಚೆಯಲ್ಲಿ ಬಹು ಪ್ರಚಾರಕ್ಕೆ ಬಂದಿತು. ಯಾವ ಪದ ಕಸದಲ್ಲಿ ಎಷ್ಟು ಸಲ, ಒಳ್ಳೆಯ ಪತ್ರದಲ್ಲಿ ಎಷ್ಟು ಸಲ ಬರುವುದೆಂದು ಲೆಕ್ಕ ಹಾಕಿ ಅದು ತೀರ್ಮಾನಿಸುತ್ತದೆ. ಆದರೆ ಇದು ಕಸ, ಇದು ಕಸವಲ್ಲ ಎಂದು ಎರಡನ್ನೂ ನಾವು ತೋರಿಸಿಕೊಡಬೇಕು. ಅದಕ್ಕೂ ಮೇಷ್ಟರು ನಾವೇ.

ಆ ಹುಡುಗಿಗೆ ನಾನು ನಡೆದದ್ದನ್ನೆಲ್ಲ ಬರೆದು ಕ್ಷಮೆ ಕೇಳಿದೆ. ಆ ವರ್ಷದ ವಿದ್ಯಾರ್ಥಿವೇತನ ಅವಳ ಕೈತಪ್ಪಿಹೋಗಿತ್ತು. ಅದನ್ನು ಯಾವ ಕ್ಷಮಾಪಣೆಯೂ ಹಿಂದಕ್ಕೆ ತರಲಾರದು. ಮುಂದಿನ ವರ್ಷಕ್ಕೆ ಶಿಫಾರಸು ಪತ್ರವನ್ನು ಅವಳು ಕೇಳುವ ಮೊದಲೇ ಬರೆದು ಕಳುಹಿಸಿದೆ. ಎರಡೇ ಸಾಲಿನ ಉತ್ತರ ಬಂದಿತು: “ತಲುಪಿತು ಸರ್. ತಾವು ಮರೆತಿರಲಿಲ್ಲವೆಂದು ತಿಳಿದು ಸಂತೋಷವಾಯಿತು.”

ಈಗ ಪ್ರತಿ ಶನಿವಾರ ಸಂಜೆ ಕಾಫಿ ಕುಡಿದು, ‘ಮೊರದ ಅಂಚ’ನ್ನು ತೆರೆದು ಕುಳಿತುಕೊಳ್ಳುತ್ತೇನೆ. ಹತ್ತು ನಿಮಿಷದ ಕೆಲಸ. “ಏನಾದರೂ ಸಿಕ್ಕಿತೇ?” ಎಂದು ಒಳಗಿನಿಂದ ಪ್ರಶ್ನೆ ಬರುತ್ತದೆ. ಹೆಚ್ಚಿನ ವಾರಗಳಲ್ಲಿ ಸಿಕ್ಕುವುದು ಬರೀ ಸಾಲವೇ. ಆದರೂ ಕೊನೆಯ ಪತ್ರದವರೆಗೆ ನೋಡಿಯೇ ಏಳುತ್ತೇನೆ.