ನೀರು, ಮರಳು ಮತ್ತು ತುಕ್ಕು

ಬೆಳಗಾವಿ ಜಿಲ್ಲೆಯ ಗೋಕಾಕದ ಬಳಿ ಘಟಪ್ರಭಾ ನದಿಯು ಸುಮಾರು 52 ಮೀಟರು ಎತ್ತರದಿಂದ ಕೆಳಕ್ಕೆ ಧುಮುಕುತ್ತದೆ. ಮಳೆಗಾಲದಲ್ಲಿ ಈ ಜಲಪಾತದ ನೀರು ಕೆಂಗಂದು ಬಣ್ಣವನ್ನು ತಳೆದಿರುತ್ತದೆ. ಆ ಬಣ್ಣ ನೀರಿನದಲ್ಲ. ಅದು ಹೊತ್ತು ತಂದ ಮಣ್ಣಿನದು. ಮಣ್ಣಿನೊಡನೆ ಮರಳೂ ಹರಿದು ಬರುತ್ತದೆ. ಬೇಸಗೆಯಲ್ಲಿ ನೀರಿಳಿದಾಗ ನದೀಪಾತ್ರದ ಗಟ್ಟಿಯಾದ ಮರಳುಗಲ್ಲಿನ ಬಂಡೆಗಳು ನುಣುಪಾಗಿ ಸವೆದಿರುವುದನ್ನು ನಾವು ಕಾಣುತ್ತೇವೆ. ಮೃದುವಾದ ನೀರು ಕಠಿನವಾದ ಬಂಡೆಯನ್ನು ಸವೆಸಿತು ಹೇಗೆ? ಈ ಕೆಲಸದಲ್ಲಿ ದೊಡ್ಡ ಪಾಲು ಮರಳಿನದು. ನೀರು ಮರಳಿಗೆ ವೇಗವನ್ನು ಕೊಡುತ್ತದೆ. ಮರಳು ಬಂಡೆಯನ್ನು ಉಜ್ಜುತ್ತದೆ.

ಇದೇ ತತ್ತ್ವವನ್ನು ಕಬ್ಬಿಣದ ಮೇಲಿನ ತುಕ್ಕನ್ನೂ ಹಳೆಯ ಬಣ್ಣವನ್ನೂ ತೆಗೆಯಲು ಮನುಷ್ಯನು ಬಳಸಿಕೊಂಡಿದ್ದಾನೆ. ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಂಥ ನೀರಾವರಿಯ ನಾಡಿನಲ್ಲಿ ಇದು ದೂರದ ವಿಷಯವಲ್ಲ. ಕಬ್ಬು ಸಾಗಿಸುವ ಟ್ರ್ಯಾಕ್ಟರ್ ಟ್ರೇಲರುಗಳು, ಕಾಲುವೆಗಳ ಉಕ್ಕಿನ ಬಾಗಿಲುಗಳು, ಪಂಪಿನ ಕೊಳವೆಗಳು, ನೇಗಿಲು ಕುಂಟೆಗಳು ಇವೆಲ್ಲವೂ ನೀರಿನ ಸಂಗದಲ್ಲಿ ಬಾಳುವ ಕಬ್ಬಿಣವೇ ಆಗಿವೆ. ಇವು ತುಕ್ಕು ಹಿಡಿಯದಿರಲು ಬಣ್ಣ ಬಳಿಯಬೇಕು. ಬಣ್ಣ ನಿಲ್ಲಬೇಕಾದರೆ ಮೊದಲು ತುಕ್ಕು ಹೋಗಬೇಕು. ತುಕ್ಕಿನ ಮೇಲೆಯೇ ಬಣ್ಣ ಬಳಿದರೆ ಏನಾಗುತ್ತದೆಂಬುದು ಎಲ್ಲರಿಗೂ ತಿಳಿದದ್ದೇ. ತುಕ್ಕು ಎಂದರೆ ಕಬ್ಬಿಣವು ಗಾಳಿಯ ಆಮ್ಲಜನಕದೊಡನೆಯೂ ನೀರಿನೊಡನೆಯೂ ಕೂಡಿ ಆದ ವಸ್ತು. ತಾನು ಹುಟ್ಟಿದ ಕಬ್ಬಿಣಕ್ಕಿಂತ ಅದು ಹೆಚ್ಚು ಸ್ಥಳವನ್ನು ಆಕ್ರಮಿಸುವುದರಿಂದ ಮೇಲಿನ ಬಣ್ಣವನ್ನು ಒಳಗಿನಿಂದಲೇ ಎತ್ತಿ ಒಡೆಯುತ್ತದೆ.

ಮರಳಿನ ಚಿಲುಮೆಯ ಹುಟ್ಟು

ತಂತಿ ಬ್ರಷ್ಷಿನಿಂದಲೂ ಉಪ್ಪುಕಾಗದದಿಂದಲೂ ಉಜ್ಜುವುದು ಹಳೆಯ ಪದ್ಧತಿ. ಆದರೆ ಮೂಲೆಗಳಲ್ಲಿ, ಬೆಸುಗೆಯ ಸಂದುಗಳಲ್ಲಿ, ತುಕ್ಕು ತಿಂದ ಸಣ್ಣ ಕುಳಿಗಳಲ್ಲಿ ಬ್ರಷ್ಷು ಆಡದು. ಅಮೆರಿಕದ ಬೆಂಜಮಿನ್ ಟಿಲ್ಗ್‌ಮನ್ ಎಂಬಾತನು 1870ರಲ್ಲಿ ವೇಗವಾಗಿ ಚಿಮ್ಮುವ ಮರಳಿನಿಂದ ಕಲ್ಲು, ಗಾಜು, ಲೋಹಗಳನ್ನು ಕೊರೆಯುವ ವಿಧಾನಕ್ಕೆ ಹಕ್ಕುಪತ್ರವನ್ನು ಪಡೆದನು. ಮುಂದೆ ಒತ್ತಿದ ಗಾಳಿಯಿಂದ ಒಣ ಮರಳನ್ನು ಚಿಮ್ಮಿಸುವ ಪದ್ಧತಿಯು ಎಲ್ಲೆಡೆ ಹರಡಿತು. ಗಾಳಿಗೆ ಬದಲಾಗಿ ಹೆಚ್ಚು ಒತ್ತಡದ ನೀರನ್ನು ಬಳಸಿದರೆ ಅದೇ ಒದ್ದೆ ಮರಳಿನ ಪದ್ಧತಿ. ವಾಹನಗಳನ್ನು ತೊಳೆಯುವ ಪ್ರೆಶರ್ ವಾಷರ್ ಯಂತ್ರಕ್ಕೆ ಒಂದು ವಿಶೇಷ ನಾಝಲನ್ನು ಜೋಡಿಸಿದರೆ ಇದು ಸಣ್ಣ ವರ್ಕ್‌ಶಾಪಿನಲ್ಲಿಯೂ ಸಾಧ್ಯ.

ಎಷ್ಟು ಬಲ?

ಈ ಯಂತ್ರದ ಬಲವನ್ನು ಗೋಕಾಕದ ಜಲಪಾತದೊಡನೆ ಹೋಲಿಸಿ ನೋಡೋಣ. ಗಾಳಿಯ ಅಡ್ಡಿಯನ್ನು ಬಿಟ್ಟರೆ, 52 ಮೀಟರು ಬಿದ್ದ ನೀರಿನ ವೇಗವು ಸೆಕೆಂಡಿಗೆ ಸುಮಾರು 32 ಮೀಟರು. ಅಷ್ಟು ಎತ್ತರದ ನೀರಿನ ಕಂಬವು ತಳದಲ್ಲಿ ಉಂಟುಮಾಡುವ ಒತ್ತಡವು ಸುಮಾರು 5 ಬಾರ್. ಒಂದು ಬಾರ್ ಎಂದರೆ ಹೆಚ್ಚುಕಡಮೆ ವಾಯುಮಂಡಲದ ಒತ್ತಡ. ಇಷ್ಟು ಬಲವನ್ನೇ ನೆಚ್ಚಿ 1880ರ ದಶಕದಲ್ಲಿ ಈ ಜಲಪಾತದ ಪಕ್ಕದಲ್ಲಿ ಹತ್ತಿಯ ಗಿರಣಿಯನ್ನು ಕಟ್ಟಿದರು. ಈಗ 150 ಬಾರ್ ಒತ್ತಡದ ಪ್ರೆಶರ್ ವಾಷರನ್ನು ತೆಗೆದುಕೊಳ್ಳಿ. ಆ ಒತ್ತಡವು 1,500 ಮೀಟರಿಗೂ ಮಿಕ್ಕಿದ ಎತ್ತರದ ನೀರಿಗೆ ಸಮ. ಅಂದರೆ ಗೋಕಾಕದ ಜಲಪಾತಗಳನ್ನು ಒಂದರ ಮೇಲೊಂದರಂತೆ ಇಪ್ಪತ್ತೊಂಬತ್ತು ಬಾರಿ ಪೇರಿಸಿದಂತೆ! ನಾಝಲಿನಿಂದ ಹೊರಬೀಳುವ ನೀರಿನ ವೇಗವು ಸೆಕೆಂಡಿಗೆ ಸುಮಾರು 170 ಮೀಟರು. ನೀರಿನ ಮೊತ್ತವು ಜಲಪಾತದ ಮುಂದೆ ಏನೇನೂ ಅಲ್ಲ. ವೇಗವು ಮಾತ್ರ ಐದು ಪಟ್ಟಿಗಿಂತ ಹೆಚ್ಚು.

ಇಷ್ಟು ವೇಗವಿದ್ದರೂ ಬರಿಯ ನೀರು ಬಿಗಿಯಾಗಿ ಕಚ್ಚಿದ ತುಕ್ಕನ್ನು ತೆಗೆಯಲಾರದು. ನೀರಿನ ಹನಿಯು ಬಡಿದೊಡನೆ ಹರಡಿಕೊಂಡು ತನ್ನ ಬಲವನ್ನು ಹಂಚಿಬಿಡುತ್ತದೆ. ಮೂಲೆಗಳುಳ್ಳ ಗಟ್ಟಿಯಾದ ಹರಳಾದರೋ ತನ್ನ ಬಲವನ್ನೆಲ್ಲ ಒಂದು ಬಿಂದುವಿನಲ್ಲಿ ಊರುತ್ತದೆ. ಮರಳಿನ ಮುಖ್ಯ ಭಾಗವಾದ ಬೆಣಚುಕಲ್ಲಿನ ಕಾಠಿಣ್ಯವು ಮೋಸ್ ಮಾನದಲ್ಲಿ 7. ತುಕ್ಕು, ಬಣ್ಣ, ಸಾಧಾರಣ ಉಕ್ಕು ಎಲ್ಲವೂ ಅದಕ್ಕಿಂತ ಮೆದು.

ಮರಳು ನೀರಿನೊಡನೆ ಸೇರುವ ಬಗೆಯೂ ಸ್ವಾರಸ್ಯಕರವಾದುದು. ಮರಳನ್ನು ಪಂಪಿನೊಳಕ್ಕೆ ಬಿಡುವುದಿಲ್ಲ. ಬಿಟ್ಟರೆ ಪಂಪೇ ಸವೆದುಹೋದೀತು. ಸಣ್ಣ ರಂಧ್ರದಿಂದ ಹೊಮ್ಮಿದ ನೀರಿನ ಧಾರೆಯು ಅಗಲವಾದ ಕೋಣೆಯನ್ನು ದಾಟುವಾಗ ಅಲ್ಲಿಯ ಗಾಳಿಯನ್ನು ಎಳೆದೊಯ್ಯುತ್ತದೆ. ಅಲ್ಲಿ ಒತ್ತಡವು ಹೊರಗಿನದಕ್ಕಿಂತ ಕಡಮೆಯಾಗುತ್ತದೆ. ಆಗ ಹೊರಗಿನ ಗಾಳಿಯು ಇನ್ನೊಂದು ಕೊಳವೆಯ ಮೂಲಕ ಬಕೆಟ್ಟಿನ ಮರಳನ್ನು ಹೊತ್ತು ಒಳನುಗ್ಗುತ್ತದೆ. ಈ ಮರಳು ಜರಡಿ ಹಿಡಿದು ಚೆನ್ನಾಗಿ ಒಣಗಿಸಿದ್ದಾಗಿರಬೇಕು. ತೇವವಿದ್ದರೆ ಕೊಳವೆಯಲ್ಲಿಯೇ ಗಡ್ಡೆ ಕಟ್ಟಿ ನಿಲ್ಲುತ್ತದೆ. ಆದುದರಿಂದ ಮೊದಲು ನೀರನ್ನು ಬಿಟ್ಟು ಆಮೇಲೆ ಕೊಳವೆಯನ್ನು ಮರಳಿಗೆ ಇಳಿಸಬೇಕು; ನಿಲ್ಲಿಸುವಾಗ ಮೊದಲು ಕೊಳವೆಯನ್ನು ಮರಳಿನಿಂದ ತೆಗೆದು ಆಮೇಲೆ ನೀರನ್ನು ನಿಲ್ಲಿಸಬೇಕು.

ಕಾಣದ ಧೂಳು

ಇಷ್ಟು ತೊಂದರೆಪಟ್ಟು ನೀರನ್ನು ಏಕೆ ಬಳಸಬೇಕು? ಒಣ ಮರಳು ಕಬ್ಬಿಣಕ್ಕೆ ಬಡಿದಾಗ ಒಡೆದು ಪುಡಿಯಾಗುತ್ತದೆ. ಆ ಪುಡಿಯ ಅತಿ ಸೂಕ್ಷ್ಮ ಕಣಗಳು, ಎಂದರೆ ಮಿಲಿಮೀಟರಿನ ಇನ್ನೂರನೆಯ ಒಂದು ಭಾಗಕ್ಕಿಂತ ಸಣ್ಣವು, ಉಸಿರಿನೊಡನೆ ಶ್ವಾಸಕೋಶದ ಕೊನೆಯ ಗೂಡುಗಳನ್ನು ತಲಪುತ್ತವೆ. ಶರೀರವು ಅವನ್ನು ಕರಗಿಸಲಾರದು. ಅವುಗಳ ಸುತ್ತ ಗಾಯದ ಕಲೆಯಂಥ ಗಡಸು ಅಂಗಾಂಶವು ಬೆಳೆದು ಶ್ವಾಸಕೋಶವು ಬಿಗಿಯುತ್ತದೆ. ಇದೇ ಸಿಲಿಕೋಸಿಸ್ ರೋಗ. ಒಮ್ಮೆ ಬಂದ ಮೇಲೆ ಇದನ್ನು ವಾಸಿಮಾಡುವ ಔಷಧಿಯಿಲ್ಲ. ಕ್ಷಯರೋಗವೂ ಇಂಥವರನ್ನು ಸುಲಭವಾಗಿ ಹಿಡಿಯುತ್ತದೆ. ನಮ್ಮ ನಾಡಿನ ಕೋಲಾರದ ಚಿನ್ನದ ಗಣಿಗಳಲ್ಲಿ ಬೆಣಚುಕಲ್ಲನ್ನು ಕೊರೆದ ಕಾರ್ಮಿಕರು ಈ ರೋಗದಿಂದ ನರಳಿದರು. ಬ್ರಿಟನ್ ದೇಶವು 1949ರ ನಿಯಮಗಳ ಮೂಲಕ ಕಾರ್ಖಾನೆಗಳಲ್ಲಿ ಎರಕದ ವಸ್ತುಗಳೇ ಮುಂತಾದುವನ್ನು ಬೆಣಚು ಮರಳು ಚಿಮ್ಮಿಸಿ ಶುದ್ಧಿಮಾಡುವುದನ್ನು ನಿಷೇಧಿಸಿತು. ಭಾರತದ 1948ರ ಕಾರ್ಖಾನೆ ಕಾಯಿದೆಯಲ್ಲಿಯೂ ಸಿಲಿಕೋಸಿಸನ್ನು ಸರ್ಕಾರಕ್ಕೆ ತಿಳಿಸಲೇಬೇಕಾದ ರೋಗಗಳ ಪಟ್ಟಿಗೆ ಸೇರಿಸಿದ್ದರು.

ನೀರು ಈ ಧೂಳನ್ನು ಹುಟ್ಟಿದಲ್ಲಿಯೇ ಬಹುಮಟ್ಟಿಗೆ ತೋಯಿಸಿ ಕೆಳಗಿಳಿಸುತ್ತದೆ. ಆದರೆ ಇಲ್ಲಿಗೆ ಅಪಾಯವು ಮುಗಿಯಿತೆಂದು ತಿಳಿಯಬಾರದು. ನೆಲದ ಮೇಲೆ ಬಿದ್ದ ಕೆಸರು ಸಂಜೆಯ ಹೊತ್ತಿಗೆ ಒಣಗುತ್ತದೆ. ಮರುದಿನ ಅದನ್ನು ಗುಡಿಸಿದಾಗ ಅದೇ ಪುಡಿಯು ಗಾಳಿಗೇಳುತ್ತದೆ. ಗುಡಿಸುವ ಹುಡುಗನು ಯಂತ್ರವನ್ನು ಮುಟ್ಟದಿದ್ದರೂ ಧೂಳನ್ನು ಉಸಿರಾಡುತ್ತಾನೆ. ಕೆಲಸದ ಬಟ್ಟೆಯೊಡನೆ ಅದು ಮನೆಗೂ ಬರುತ್ತದೆ. ಆದುದರಿಂದ ಕೆಸರನ್ನು ಹಸಿಯಾಗಿರುವಾಗಲೇ ಬಾಚಿ ಮುಚ್ಚಿಡಬೇಕು. ಮೂಗಿಗೆ ಕಟ್ಟಿದ ಪಂಚೆಯ ತುಂಡು ಇಂಥ ಕಣಗಳನ್ನು ತಡೆಯದು. ಸೂಕ್ಷ್ಮ ಧೂಳನ್ನು ತಡೆಯಲೆಂದೇ ಮಾಡಿದ, ಮುಖಕ್ಕೆ ಬಿಗಿಯಾಗಿ ಕೂರುವ ಮುಖವಾಡವೇ ಬೇಕು. ಎಲ್ಲಕ್ಕಿಂತ ಉತ್ತಮವಾದ ಉಪಾಯವೆಂದರೆ ನದಿಯ ಮರಳನ್ನೇ ಬಿಟ್ಟು ಗಾರ್ನೆಟ್ ಹರಳನ್ನೋ ಪುಡಿಮಾಡಿದ ಗಾಜನ್ನೋ ಬಳಸುವುದು. ಗಾಜು ಸಿಲಿಕದಿಂದಲೇ ಆದುದಾದರೂ ಅದರಲ್ಲಿ ಬೆಣಚುಕಲ್ಲಿನ ಸ್ಫಟಿಕ ರಚನೆಯಿಲ್ಲ; ಅಪಾಯವಿರುವುದು ಮುಖ್ಯವಾಗಿ ಆ ಸ್ಫಟಿಕ ರೂಪದಲ್ಲಿ.

ಹಳೆಯ ಬಣ್ಣಗಳಲ್ಲಿ ಸೀಸವಿರುವುದೂ ಉಂಟು. ಗೃಹೋಪಯೋಗಿ ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ 90 ಭಾಗಗಳನ್ನು ಮೀರಬಾರದೆಂಬ ನಿಯಮವು ಭಾರತದಲ್ಲಿ ಹೊರಟಿದ್ದು 2016ರಲ್ಲಿ. ಅದಕ್ಕೆ ಹಿಂದಿನ ಬಣ್ಣವನ್ನು ಕೆರೆದ ಕೆಸರು ನೀರನ್ನು ಹೊಲಕ್ಕಾಗಲಿ ಕಾಲುವೆಗಾಗಲಿ ಬಿಡುವುದು ಸರ್ವಥಾ ಕೂಡದು.

ಯಂತ್ರದ ಧಾರೆಯೂ ಆಟದ ವಸ್ತುವಲ್ಲ. ಅದು ಚರ್ಮವನ್ನು ತೂರಿ ಒಳಹೊಕ್ಕರೆ ಹೊರಗೆ ಕಾಣುವುದು ಸೂಜಿ ಚುಚ್ಚಿದಷ್ಟು ಗಾಯ. ಒಳಗೆ ಮಾಂಸವು ಹಾಳಾಗಿರುತ್ತದೆ. ಅಂಥವರನ್ನು ನೋವು ಹೆಚ್ಚುವವರೆಗೆ ಕಾಯದೆ ಆಸ್ಪತ್ರೆಗೆ ಒಯ್ಯಬೇಕು.

ಶುದ್ಧವಾದ ಕಬ್ಬಿಣದ ಆತುರ

ಕೆಲಸವು ಮುಗಿದಾಗ ಕಬ್ಬಿಣವು ಬೂದುಬಣ್ಣದಿಂದ ಶುಭ್ರವಾಗಿ ಕಾಣುತ್ತದೆ. ಹರಳುಗಳು ಮಾಡಿದ ಸಣ್ಣ ಗೀರುಗಳಲ್ಲಿ ಹೊಸ ಬಣ್ಣವು ಬೇರೂರಿ ನಿಲ್ಲುತ್ತದೆ. ತುಕ್ಕನ್ನು ಮತ್ತೆ ಕರೆಯುವ ಲವಣಗಳನ್ನೂ ನೀರು ತೊಳೆದಿರುತ್ತದೆ. ಆದರೆ ರಕ್ಷಣೆಯಿಲ್ಲದ ಕಬ್ಬಿಣ, ನೀರು, ಗಾಳಿ ಮೂರೂ ಈಗ ಒಂದೆಡೆ ಸೇರಿವೆ. ಹೀಗಿರಲು ಕೆಲವೇ ಗಳಿಗೆಗಳಲ್ಲಿ ತೆಳುವಾದ ಕಿತ್ತಳೆ ಬಣ್ಣದ ತುಕ್ಕು ಮೂಡಿದರೆ ಆಶ್ಚರ್ಯವಿಲ್ಲ. ಒಣ ಪದ್ಧತಿಯಲ್ಲಿ ಈ ತೊಂದರೆಯು ಇಷ್ಟು ಬೇಗ ಬಾರದು. ಇದನ್ನು ತಡೆಯಲು ಶುದ್ಧವಾದ ನೀರಿನಿಂದ ತೊಳೆದು, ಗಾಳಿ ಊದಿ ಬೇಗನೆ ಒಣಗಿಸಿ, ಅದೇ ದಿನ ಪ್ರೈಮರ್ ಬಳಿಯಬೇಕು. ಮೋಡ ಕವಿದ ಶ್ರಾವಣದ ದಿನಗಳಿಗಿಂತ ಒಣಹವೆಯ ಮಾಘ ಫಾಲ್ಗುಣಗಳು ಈ ಕೆಲಸಕ್ಕೆ ಅನುಕೂಲವಾದುವು.

ಹೀಗೆ ಈ ಪದ್ಧತಿಯಲ್ಲಿ ನೀರಿನ ಕೆಲಸಗಳು ಮೂರು: ಅದು ಮರಳನ್ನು ಓಡಿಸುತ್ತದೆ, ಧೂಳನ್ನು ತಡೆಯುತ್ತದೆ, ಕೊನೆಯಲ್ಲಿ ಹೊಸ ತುಕ್ಕಿಗೂ ಕಾರಣವಾಗುತ್ತದೆ. ಮೊದಲನೆಯದನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಉಳಿದೆರಡನ್ನು ಕೆಲಸಗಾರನೂ ಅವನನ್ನು ಕೆಲಸಕ್ಕಿಟ್ಟುಕೊಂಡವನೂ ನೋಡಿಕೊಳ್ಳಬೇಕು. ಟ್ರೇಲರಿಗೆ ಮತ್ತೊಮ್ಮೆ ಬಣ್ಣ ಬಳಿಯಬಹುದು. ಗಡಸಾದ ಶ್ವಾಸಕೋಶವನ್ನು ಮೊದಲಿನಂತೆ ಮಾಡುವುದು ಯಾವ ವೈದ್ಯನಿಂದಲೂ ಆಗದು.