ಕಲಬಾರ್ ಕಾಳು, ಕಣ್ಣಿನ ಹನಿ

ಕಣ್ಣಿನ ಮುಂಭಾಗದಲ್ಲಿ, ಕಾರ್ನಿಯಾ ಮತ್ತು ಮಸೂರದ ನಡುವೆ, ಹಗಲೂ ರಾತ್ರಿ ಒಂದು ತಿಳಿನೀರು ಹರಿಯುತ್ತಿರುತ್ತದೆ. ಕಣ್ಣೀರಿಗೂ ಇದಕ್ಕೂ ಸಂಬಂಧವಿಲ್ಲ. ಅದು ಹೊರಗಿನದು, ಇದು ಒಳಗಿನದು. ಕಣ್ಣಿಗೆ ಬಣ್ಣ ಕೊಡುವ ಪಟಲ, ಅಂದರೆ ಐರಿಸ್, ಅದರ ಹಿಂಬದಿಯ ಅಂಗಾಂಶವೊಂದು ಈ ನೀರನ್ನು ನಿಮಿಷಕ್ಕೆ ಎರಡು–ಎರಡೂವರೆ ಮೈಕ್ರೋಲೀಟರಿನಷ್ಟು ಸ್ರವಿಸುತ್ತದೆ. ಪಾಪೆಯ ಮೂಲಕ ಮುಂದೆ ಬಂದ ನೀರು ಐರಿಸ್ ಮತ್ತು ಕಾರ್ನಿಯಾ ಕೂಡುವ ಮೂಲೆಯಲ್ಲಿ ಜರಡಿಯಂಥ ಒಂದು ಜಾಲರಿಯೊಳಗೆ ಇಂಗಿ ರಕ್ತ ಸೇರುತ್ತದೆ. ಒಳಹರಿವು, ಹೊರಹರಿವು ಸಮನಾಗಿದ್ದರೆ ಕಣ್ಣಿನ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿಲಿಮೀಟರ್ ಪಾದರಸದ ಒಳಗೆ ಇರುತ್ತದೆ. ಜಾಲರಿ ಕಟ್ಟಿಕೊಂಡರೆ ಒತ್ತಡ ಏರುತ್ತದೆ. ಅದರ ಪೆಟ್ಟು ಬೀಳುವುದು ಕಣ್ಣಿನ ಹಿಂಭಾಗದಲ್ಲಿ, ನೋಟವನ್ನು ಮಿದುಳಿಗೆ ಒಯ್ಯುವ ದೃಷ್ಟಿನರದ ಮೇಲೆ. ಆ ನರ ಸವೆಯುವ ಕಾಯಿಲೆಯೇ ಗ್ಲಾಕೋಮಾ.

21 ಎಂಬುದು ಗಡಿಕಲ್ಲಲ್ಲ. 25 ಇದ್ದೂ ನರ ಗಟ್ಟಿಯಾಗಿರುವವರಿದ್ದಾರೆ, 16 ಇದ್ದೂ ನೋಟ ಕಳೆದುಕೊಂಡವರಿದ್ದಾರೆ. ಮೊದಲಿನವರದು ಬರೀ ‘ಕಣ್ಣಿನ ಪ್ರೆಶರ್’, ಎರಡನೆಯವರದು ಗ್ಲಾಕೋಮಾ. ಆದರೆ ಇಬ್ಬರ ಮಟ್ಟಿಗೂ ವೈದ್ಯರ ಕೈಗೆ ಸಿಕ್ಕುವ ಹಿಡಿ ಒಂದೇ: ಒತ್ತಡ ಇಳಿಸುವುದು. ಸತ್ತ ನರತಂತುವನ್ನು ಬದುಕಿಸುವ ಔಷಧ ಈವರೆಗೆ ಬಂದಿಲ್ಲ. ಬಹುಮಟ್ಟಿನ ಗ್ಲಾಕೋಮಾದಲ್ಲಿ ನೋವಿಲ್ಲ, ಕೆಂಪಿಲ್ಲ. ನೋಟ ಅಂಚಿನಿಂದ ಕರಗುತ್ತದೆ, ಒಂದು ಕಣ್ಣು ಬಿಟ್ಟದ್ದನ್ನು ಇನ್ನೊಂದು ತುಂಬಿಕೊಡುತ್ತದೆ. ಚೆನ್ನೈ ಮತ್ತು ಅದರ ಸುತ್ತಲಿನ ಹಳ್ಳಿಗಳಲ್ಲಿ ನಡೆದ ಸಮೀಕ್ಷೆಯಲ್ಲಿ ಈ ಬಗೆಯ ಗ್ಲಾಕೋಮಾ ಕಂಡುಬಂದ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಜನರಿಗೆ ಅದು ಇದೆಯೆಂದೇ ಗೊತ್ತಿರಲಿಲ್ಲ. ಹೀಗಾಗಿ ಹನಿ ಹಾಕಿಕೊಳ್ಳುವವನಿಗೆ ಅದರ ಗುಣ ತಿಳಿಯುವುದೇ ಇಲ್ಲ. ಹಾಕಿದರೆ ಕಣ್ಣು ಚುರುಕಾಗುವುದಿಲ್ಲ, ಬಿಟ್ಟರೆ ನಾಳೆಯೇ ಕೆಡುವುದೂ ಇಲ್ಲ. ಗ್ಲಾಕೋಮಾ ಹನಿಗಳ ನೂರೈವತ್ತು ವರ್ಷಗಳ ಚರಿತ್ರೆಯ ಬೆನ್ನಿಗೆ ಈ ತೊಡಕು ಅಂಟಿಕೊಂಡೇ ಬಂದಿದೆ.

ಚರಿತ್ರೆ ಶುರುವಾಗುವುದು ಪಶ್ಚಿಮ ಆಫ್ರಿಕದಲ್ಲಿ, ಇಂದಿನ ನೈಜೀರಿಯಾದ ಕಲಬಾರ್ ಸೀಮೆಯಲ್ಲಿ, ಒಂದು ವಿಷದ ಕಾಳಿನಿಂದ. ಅವರೆ, ಅಲಸಂದೆಗಳ ಕುಟುಂಬಕ್ಕೇ ಸೇರಿದ ಬಳ್ಳಿಯ ಕಾಳು ಅದು: ಹೆಬ್ಬೆರಳಿನ ತುದಿಯಷ್ಟು ದಪ್ಪ, ಕಂದು ಬಣ್ಣ, ಬೆನ್ನಿನುದ್ದಕ್ಕೂ ಒಂದು ಕಪ್ಪು ಗೀರು. ಅಲ್ಲಿನ ಎಫಿಕ್ ಜನ ಇದನ್ನು ‘ಎಸೆರೆ’ ಎನ್ನುತ್ತಿದ್ದರು. ಮಾಟದ ಆರೋಪ ಹೊತ್ತವರಿಗೆ ಕಾಳನ್ನು ಅರೆದು ನೀರಿನಲ್ಲಿ ಕದಡಿ ಕುಡಿಸುವುದು ರೂಢಿ. ವಾಂತಿಯಾಗಿ ಬದುಕಿದರೆ ನಿರಪರಾಧಿ, ಸತ್ತರೆ ಅಪರಾಧಿ. ನಿರಪರಾಧಿ ಧೈರ್ಯದಿಂದ ಒಂದೇ ಗುಟುಕಿಗೆ ಕುಡಿದು ಕಕ್ಕಿಬಿಡುತ್ತಾನೆ, ತಪ್ಪಿತಸ್ಥ ಹೆದರುತ್ತ ಗುಟುಕರಿಸಿ ವಿಷವೇರಿಸಿಕೊಳ್ಳುತ್ತಾನೆ ಎಂಬ ವಿವರಣೆಯೊಂದು ಆಮೇಲೆ ಹುಟ್ಟಿಕೊಂಡಿತು. ಕೇಳಲು ಚಂದ, ಆದರೆ ನಿರಪರಾಧಿಗಳೆಲ್ಲ ಧೈರ್ಯವಂತರೇ ಆಗಿರುತ್ತಾರೆಂದು ನಂಬಿದರೆ ಮಾತ್ರ.

ಕಲಬಾರಿನಲ್ಲಿದ್ದ ಸ್ಕಾಟ್ಲೆಂಡಿನ ಮಿಷನರಿಗಳ ಮೂಲಕ ಕಾಳು ಎಡಿನ್‌ಬರೋ ತಲುಪಿತು. ಅಲ್ಲಿನ ವಿಷವಿಜ್ಞಾನಿ ರಾಬರ್ಟ್ ಕ್ರಿಸ್ಟಿಸನ್ 1855ರಲ್ಲಿ ಅದನ್ನು ತಾನೇ ತಿಂದು ನೋಡಿದ. ರಾತ್ರಿ ಚೂರೇ ಚೂರು ತಿಂದಾಗ ಹೆಚ್ಚೇನೂ ಆಗಲಿಲ್ಲ. ಬೆಳಗ್ಗೆ ಎದ್ದು ಕಾಲು ಕಾಳಿನಷ್ಟು ತಿಂದ. ಸ್ವಲ್ಪ ಹೊತ್ತಿಗೆಲ್ಲ ತಲೆ ಸುತ್ತಿ ಕೈಕಾಲು ಸೋತಾಗ, ಎದುರಿಗೆ ಕ್ಷೌರ ಮಾಡಿಕೊಂಡಿದ್ದ ಸೋಪಿನ ನೀರಿತ್ತು. ಅದನ್ನೇ ಗಟಗಟನೆ ಕುಡಿದು ವಾಂತಿ ಮಾಡಿ ಜೀವ ಉಳಿಸಿಕೊಂಡ. ಅವನ ಶಿಷ್ಯ ಥಾಮಸ್ ಫ್ರೇಸರ್ 1862ರಲ್ಲಿ ಇದೇ ಕಾಳಿನ ಮೇಲೆ ಪ್ರಬಂಧ ಬರೆದು ಚಿನ್ನದ ಪದಕ ಪಡೆದ. ಕಾಳಿನ ಸಾರ ಕಣ್ಣಿಗೆ ತಾಗಿದರೆ ಪಾಪೆ ಸೂಜಿಮೊನೆಯಷ್ಟು ಕಿರಿದಾಗುತ್ತದೆ ಎಂಬುದು ಅವನಿಗೆ ಕಂಡ ಸಂಗತಿಗಳಲ್ಲೊಂದು. ಅವನಿಂದ ಕೇಳಿ ತಿಳಿದ ನೇತ್ರವೈದ್ಯ ಡಗ್ಲಸ್ ಆರ್ಗೈಲ್ ರಾಬರ್ಟ್‌ಸನ್ ಸಾರವನ್ನು ತನ್ನ ಕಣ್ಣಿಗೇ ಬಿಟ್ಟುಕೊಂಡು ಪರೀಕ್ಷಿಸಿ 1863ರಲ್ಲಿ ವರದಿ ಮಾಡಿದ. ಪಾಪೆ ಹಿಗ್ಗಿಸುವ ಅಟ್ರೋಪಿನ್ ವೈದ್ಯರಿಗೆ ಮೊದಲೇ ಗೊತ್ತಿತ್ತು. ನಮ್ಮ ಉಮ್ಮತ್ತಿ ಗಿಡದಲ್ಲಿರುವುದೂ ಅದೇ ಬಗೆಯ ವಸ್ತು. ಅದಕ್ಕೆ ಸರಿಯಾದ ಎದುರಾಳಿ ಈಗ ಸಿಕ್ಕಿತ್ತು. ಕಾಳಿನ ಸತ್ವವನ್ನು 1864ರಲ್ಲಿ ಬೇರ್ಪಡಿಸಿ ಫೈಸೋಸ್ಟಿಗ್ಮೀನ್ ಎಂದು ಹೆಸರಿಟ್ಟರು. ಎಸೆರೆಯಿಂದ ಬಂದ ‘ಎಸೆರಿನ್’ ಎಂಬ ಹೆಸರೂ ಚಾಲ್ತಿಯಲ್ಲಿ ಉಳಿಯಿತು.

ಆ ಕಾಲಕ್ಕೆ ಗ್ಲಾಕೋಮಾಕ್ಕೆ ಇದ್ದ ಚಿಕಿತ್ಸೆ ಶಸ್ತ್ರವೊಂದೇ. ಬರ್ಲಿನ್ನಿನ ಆಲ್ಬ್ರೆಕ್ಟ್ ಫಾನ್ ಗ್ರೇಫ 1857ರಲ್ಲಿ, ಐರಿಸ್‌ನ ಒಂದು ತುಣುಕು ಕತ್ತರಿಸಿ ತೆಗೆದರೆ ಹಠಾತ್ತನೆ ನೋವಿನೊಂದಿಗೆ ಬರುವ ಗ್ಲಾಕೋಮಾ ತಣಿಯುತ್ತದೆಂದು ತೋರಿಸಿಕೊಟ್ಟಿದ್ದ. ಹನಿಯಿಂದಲೂ ಒತ್ತಡ ಇಳಿಯುತ್ತದೆಂದು 1876ರಲ್ಲಿ ಪ್ರಕಟಿಸಿದವನು ಸ್ಟ್ರಾಸ್‌ಬರ್ಗಿನ ಲುಡ್ವಿಗ್ ಲಕೂರ್, ಹನಿ ಎಸೆರಿನ್‌ದು. ಲಕೂರ್‌ಗೆ ಸ್ವತಃ ಗ್ಲಾಕೋಮಾ ಇತ್ತು. ಸುಮಾರು ಅದೇ ಹೊತ್ತಿಗೆ ಜರ್ಮನಿಯ ಅಡಾಲ್ಫ್ ವೆಬರ್ ಪೈಲೋಕಾರ್ಪಿನ್ ಬಳಸತೊಡಗಿದ. ಅದು ಬ್ರೆಜಿಲ್‌ನ ಜಬೊರಾಂಡಿ ಎಲೆಯ ಸತ್ವ. ಬೆವರು, ಜೊಲ್ಲು ಸುರಿಸುವ ಮದ್ದೆಂದು ಯುರೋಪಿಗೆ ಬಂದ ಎಲೆಯಿಂದ 1875ರಲ್ಲಿ ಪ್ಯಾರಿಸ್ ಮತ್ತು ಲಂಡನ್ನಿನಲ್ಲಿ ಇಬ್ಬರು ಬೇರೆಬೇರೆಯಾಗಿ ತೆಗೆದದ್ದು. ಎಸೆರಿನ್ ಕಣ್ಣನ್ನು ಕೆರಳಿಸುತ್ತಿತ್ತು, ಪೈಲೋಕಾರ್ಪಿನ್ ಅಷ್ಟಾಗಿ ಕಾಡುತ್ತಿರಲಿಲ್ಲ. ಹೀಗಾಗಿ ಮುಂದಿನ ನೂರು ವರ್ಷ ಅದರದೇ ರಾಜ್ಯ. ಎರಡೂ ಮಾಡುವ ಕೆಲಸ ಒಂದೇ: ಕಣ್ಣಿನೊಳಗಿನ ಸ್ನಾಯುವನ್ನು ಬಿಗಿಸಿ ಜಾಲರಿಯನ್ನು ಎಳೆದು ತೆರೆಯುವುದು. ಅದೇ ಸ್ನಾಯು ನೋಟವನ್ನು ಹತ್ತಿರಕ್ಕೆ ಹೊಂದಿಸುವುದೂ ಆದ್ದರಿಂದ ಹನಿ ಬಿದ್ದೊಡನೆ ದೂರದ್ದು ಮಸುಕಾಗುತ್ತದೆ, ಹುಬ್ಬು ಸಿಡಿಯುತ್ತದೆ, ಕಿರಿದಾದ ಪಾಪೆಯಿಂದ ಸಂಜೆಯ ಬೆಳಕೂ ಕತ್ತಲೆಯಾಗುತ್ತದೆ. ದಿನಕ್ಕೆ ನಾಲ್ಕು ಸಲ ಇದನ್ನು ಅನುಭವಿಸಬೇಕಿತ್ತು, ಜೀವಮಾನವಿಡೀ.

ಆ ನೂರು ವರ್ಷಗಳಲ್ಲಿ ಮುಂದೆ ಹೋದದ್ದು ಹನಿಗಿಂತ ಅಳತೆ. ಮೊದಮೊದಲು ಮುಚ್ಚಿದ ರೆಪ್ಪೆಯ ಮೇಲೆ ಬೆರಳಿಟ್ಟು ಕಣ್ಣು ಎಷ್ಟು ಗಟ್ಟಿಯಾಗಿದೆ ಎಂದು ಅಂದಾಜಿಸುತ್ತಿದ್ದರು. 1905ರಲ್ಲಿ ನಾರ್ವೆಯ ಶಿಯೋಟ್ಜ್, ಮರಗಟ್ಟಿಸಿದ ಕಣ್ಣಿನ ಮೇಲೆ ಸಣ್ಣ ತೂಕವಿಟ್ಟು ಅದು ಎಷ್ಟು ತಗ್ಗುತ್ತದೆಂದು ಅಳೆಯುವ ಸಾಧನ ತಂದ. 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಹಾನ್ಸ್ ಗೋಲ್ಡ್‌ಮನ್ ರೂಪಿಸಿದ ಸಾಧನವೇ ಇಂದಿಗೂ ಪ್ರಮಾಣ. ನೀಲಿ ಬೆಳಕಿನಲ್ಲಿ ಕಾರ್ನಿಯಾದ 3.06 ಮಿಲಿಮೀಟರ್ ವ್ಯಾಸದ ಜಾಗವನ್ನು ಚಪ್ಪಟೆ ಮಾಡಲು ಬೇಕಾದ ಬಲವನ್ನು ಅದು ಓದಿ ಹೇಳುತ್ತದೆ. ಇನ್ನೊಂದು ಸಂಗತಿ ರಸಾಯನವಿಜ್ಞಾನಕ್ಕೆ ಸೇರಿದ್ದು: 1935ರಲ್ಲಿ ಅಮೆರಿಕದ ಕಪ್ಪುಜನಾಂಗದ ರಸಾಯನವಿಜ್ಞಾನಿ ಪರ್ಸಿ ಜೂಲಿಯನ್ ಡಿಪಾ ವಿಶ್ವವಿದ್ಯಾಲಯದಲ್ಲಿ ಫೈಸೋಸ್ಟಿಗ್ಮೀನನ್ನು ಕಾಳಿನ ಹಂಗಿಲ್ಲದೆ ಪ್ರಯೋಗಾಲಯದಲ್ಲೇ ಕಟ್ಟಿ ತೋರಿಸಿದ.

ಪೈಲೋಕಾರ್ಪಿನ್‌ನ ರಾಜ್ಯ ಮುಗಿಸಿದ್ದು ಹೃದಯದ ಔಷಧ. ಜೇಮ್ಸ್ ಬ್ಲ್ಯಾಕ್ 1960ರ ದಶಕದಲ್ಲಿ ಕೊಟ್ಟ ಪ್ರೊಪ್ರಾನೊಲಾಲ್ ಎದೆನೋವಿಗೆ, ಬಿಪಿಗೆ ಹೊಸ ಬಾಗಿಲು ತೆರೆದಿತ್ತು. 1988ರ ನೊಬೆಲ್ ಅವನಿಗೆ ಬಂದದ್ದು ಇಂಥ ಕೆಲಸಕ್ಕೇ. ಪ್ರೊಪ್ರಾನೊಲಾಲ್ ಪಡೆದ ರೋಗಿಗಳ ಕಣ್ಣಿನ ಒತ್ತಡವೂ ಇಳಿಯುವುದು 1967ರಲ್ಲಿ ವರದಿಯಾಯಿತು. ಆದರೆ ಹನಿಯಾಗಿ ಹಾಕಿದರೆ ಪ್ರೊಪ್ರಾನೊಲಾಲ್ ಕಾರ್ನಿಯಾವನ್ನು ಮರಗಟ್ಟಿಸುತ್ತಿತ್ತು; ಅದೇ ಬಳಗದ ಪ್ರಾಕ್ಟೊಲಾಲ್ ಮಾತ್ರೆ ಕಣ್ಣನ್ನೇ ಒಣಗಿಸಿ ಗಾಯ ಮಾಡಿ ಹಿಂದೆ ಸರಿಯಿತು. ಈ ಎರಡೂ ದೋಷವಿಲ್ಲದ ಟಿಮೊಲಾಲ್‌ಗೆ 1978ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಇದು ಜಾಲರಿಯ ತಂಟೆಗೇ ಹೋಗುವುದಿಲ್ಲ, ನೀರು ಉತ್ಪಾದನೆಯನ್ನೇ ತಗ್ಗಿಸುತ್ತದೆ. ಪಾಪೆ ಕಿರಿದಾಗುವುದಿಲ್ಲ, ನೋಟ ಮಸುಕಾಗುವುದಿಲ್ಲ. ದಿನಕ್ಕೆ ನಾಲ್ಕು ಇದ್ದದ್ದು ಎರಡಾಯಿತು.

ತೊಂದರೆ ಕಂಡದ್ದು ಕಣ್ಣಿನಿಂದ ಹೊರಗೆ. ಸೀಸೆಯಿಂದ ಬೀಳುವ ಹನಿ 30ರಿಂದ 50 ಮೈಕ್ರೋಲೀಟರ್; ಕೆಳರೆಪ್ಪೆಯ ಒಳಗೆ ಅಷ್ಟಕ್ಕೆ ಜಾಗವಿಲ್ಲ. ಉಳಿದದ್ದರಲ್ಲಿ ಒಂದಿಷ್ಟು ಕೆನ್ನೆಗೆ ಇಳಿಯುತ್ತದೆ, ಇನ್ನೊಂದಿಷ್ಟು ಮೂಗಿನ ಬದಿಯ ಕಣ್ಣಿನ ಮೂಲೆಯಲ್ಲಿರುವ ಸೂಜಿರಂಧ್ರದ ಮೂಲಕ ಮೂಗಿಗೆ, ಗಂಟಲಿಗೆ ಹರಿಯುತ್ತದೆ. ಕಣ್ಣಿಗೆ ಹಾಕಿದ ಮದ್ದು ನಾಲಗೆಗೆ ಕಹಿಯಾಗುವುದು ಹೀಗೆಯೇ. ಮೂಗಿನ ಒಳಪೊರೆಯಲ್ಲಿ ಹೀರಲ್ಪಟ್ಟದ್ದು ಯಕೃತ್ತಿನ ಸೋಸುವಿಕೆಗೆ ಸಿಗದೆ ನೇರ ರಕ್ತ ಸೇರುತ್ತದೆ. ಟಿಮೊಲಾಲ್ ಹಾಗೆ ಸೇರಿದರೆ ಆಸ್ತಮಾ ಇರುವವರಿಗೆ ಉಸಿರು ಕಟ್ಟಬಹುದು, ನಾಡಿ ನಿಧಾನವಾಗಬಹುದು. ಕಣ್ಣಿನ ಡಾಕ್ಟರು ‘ದಮ್ಮು ಇದೆಯಾ’ ಎಂದು ಕೇಳುವುದು ಲೋಕಾಭಿರಾಮಕ್ಕಲ್ಲ.

ನೀರು ತಯಾರಿಕೆಗೆ ಕಡಿವಾಣ ಹಾಕುವ ಇನ್ನೊಂದು ದಾರಿ ಮೊದಲೇ ಇತ್ತು. 1954ರಲ್ಲಿ ಬರ್ನಾರ್ಡ್ ಬೆಕರ್, ಮೂತ್ರ ಹೆಚ್ಚಿಸುವ ಅಸಿಟಜೋಲಮೈಡ್ ಮಾತ್ರೆ ಕಣ್ಣಿನ ಒತ್ತಡವನ್ನು ಇಳಿಸುತ್ತದೆಂದು ತೋರಿಸಿದ್ದ. ಆದರೆ ಮಾತ್ರೆಯಿಂದ ಕೈಕಾಲು ಜುಮ್ಮೆನ್ನುವುದು, ಮೂತ್ರಪಿಂಡದಲ್ಲಿ ಕಲ್ಲಾಗುವುದು. ಅದೇ ಬಗೆಯ ಔಷಧವನ್ನು ಹನಿಯಾಗಿಸಲು ನಲವತ್ತು ವರ್ಷ ಹಿಡಿಯಿತು: ಡಾರ್ಜೊಲಮೈಡ್ ಬಂದದ್ದು 1990ರ ದಶಕದ ನಡುವೆ. ಬ್ರಿಮೊನಿಡಿನ್ ಎಂಬ ಇನ್ನೊಂದು ಹನಿ ಅದರ ಹಿಂದೆಯೇ, 1996ರಲ್ಲಿ.

ಈ ಕತೆಯ ಅತಿ ವಿಚಿತ್ರ ತಿರುವು ಪ್ರೊಸ್ಟಗ್ಲಾಂಡಿನ್‌ಗಳದು. ಗಾಯವಾದಾಗ, ಉರಿಯೂತವಾದಾಗ ದೇಹವೇ ತಯಾರಿಸುವ ಈ ವಸ್ತುಗಳು ಕಣ್ಣಿನ ಒತ್ತಡ ಏರಿಸುತ್ತವೆಂದು ಮೊಲಗಳ ಮೇಲಿನ ಪ್ರಯೋಗಗಳಿಂದ ಎಲ್ಲರೂ ನಂಬಿದ್ದರು. ಕೊಲಂಬಿಯಾ ವಿಶ್ವವಿದ್ಯಾಲಯದ ಲಾಸ್ಲೊ ಬಿಟೊಗೆ ಅನುಮಾನ ಹುಟ್ಟಿತು. ಬಿಟೊ ಹಂಗೆರಿಯವನು, 1956ರ ಬಂಡಾಯ ಮುರಿದುಬಿದ್ದ ಮೇಲೆ ದೇಶಬಿಟ್ಟು ಅಮೆರಿಕ ಸೇರಿದವನು, ಮುಂದೆ ತಾಯ್ನಾಡಿಗೆ ಮರಳಿ ಕಾದಂಬರಿಕಾರನಾದವನು. ಮೊದಲಿನವರು ಕೊಟ್ಟದ್ದು ವಿಪರೀತ ಪ್ರಮಾಣ ಎಂಬುದು ಅವನ ತರ್ಕ. ವಿದ್ಯಾರ್ಥಿ ಕಾರ್ಲ್ ಕ್ಯಾಮ್ರಸ್ ಜೊತೆ 1977ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಅರಿವಳಿಕೆ ಇಲ್ಲದ ಮೊಲಗಳಿಗೆ ಅಲ್ಪ ಪ್ರಮಾಣ ಹಾಕಿದಾಗ ಒತ್ತಡ ಇಳಿಯಿತು, ಅದೂ ಬಹಳ ಹೊತ್ತು. ಉರಿಯೂತದ ವಸ್ತುವನ್ನು ರೋಗಿಯ ಕಣ್ಣಿಗೆ ಹಾಕುವ ಮಾತಿಗೆ ಕಂಪನಿಗಳು ಬೇಗ ಕಿವಿಗೊಡಲಿಲ್ಲ. ಕೊನೆಗೆ ಸ್ವೀಡನ್ನಿನ ಫಾರ್ಮೇಸಿಯಾ ಕೈಹಾಕಿತು. ಅಲ್ಲಿ ಯೋಹಾನ್ ಶೆರ್ನ್‌ಶಾಂಟ್ಸ್‌ನ ತಂಡ ಅಣುವನ್ನು ತಿದ್ದಿ ತಿದ್ದಿ, ಉರಿ–ಕೆಂಪು ಕಳೆದು ಲಟನೊಪ್ರಾಸ್ಟ್ ಮಾಡಿತು. ಒಪ್ಪಿಗೆ ದೊರೆತದ್ದು 1996ರಲ್ಲಿ. ಇದು ನೀರನ್ನು ಜಾಲರಿಯ ಬದಲು ಸ್ನಾಯುವಿನ ಎಳೆಗಳ ನಡುವಿನ ಒಳದಾರಿಯಿಂದ ಹೊರಗೆ ಬಿಡುತ್ತದೆ. ಅಂಥ ದಾರಿಯೊಂದಿದೆ ಎಂದು 1960ರ ದಶಕದಲ್ಲಿ ಕಂಡುಕೊಂಡ ಆಂಡರ್ಸ್ ಬಿಲ್ ಕೂಡ ಸ್ವೀಡನ್ನಿನವನೇ. ಹನಿಯೊಂದರಲ್ಲಿರುವ ಔಷಧ ಸುಮಾರು ಒಂದೂವರೆ ಮೈಕ್ರೋಗ್ರಾಂ. ಒತ್ತಡ ಇಳಿಯುವುದು ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು. ಹಾಕಬೇಕಾದದ್ದು ರಾತ್ರಿ ಒಂದೇ ಸಲ.

ಅಡ್ಡಪರಿಣಾಮವೂ ವಿಚಿತ್ರವೇ. ಹಸಿರು–ಕಂದು ಕಣ್ಣುಗಳು ಶಾಶ್ವತವಾಗಿ ಕಂದಾಗಬಹುದು. ಮೊದಲೇ ಗಾಢ ಕಂದಿರುವ ನಮ್ಮವರ ಕಣ್ಣುಗಳಲ್ಲಿ ಇದು ಗೊತ್ತೇ ಆಗುವುದಿಲ್ಲ. ರೆಪ್ಪೆಯ ಸುತ್ತಲ ಚರ್ಮ ಕಪ್ಪಾಗುವುದು ಮಾತ್ರ ಕಾಣುತ್ತದೆ. ರೆಪ್ಪೆಗೂದಲು ಉದ್ದವಾಗಿ ದಪ್ಪವಾಗಿ ಬೆಳೆಯುತ್ತದೆ. ಅದೇ ಬಳಗದ ಬೈಮ್ಯಾಟೊಪ್ರಾಸ್ಟ್ 2001ರಲ್ಲಿ ಗ್ಲಾಕೋಮಾಕ್ಕೆ ಬಂದು, 2008ರಲ್ಲಿ ರೆಪ್ಪೆಗೂದಲು ಬೆಳೆಸುವ ಸೌಂದರ್ಯದ ಔಷಧವಾಗಿಯೂ ಅಮೆರಿಕದಲ್ಲಿ ಮಾರಾಟಕ್ಕಿಳಿಯಿತು.

ಒತ್ತಡ ಇಳಿಸಿದರೆ ನಿಜಕ್ಕೂ ನೋಟ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಗಟ್ಟಿ ಉತ್ತರ ಸಿಕ್ಕಿದ್ದು, ಅಚ್ಚರಿಯೆಂಬಂತೆ, ಇಷ್ಟೆಲ್ಲ ಆದ ಮೇಲೆ. ಒತ್ತಡ ಹೆಚ್ಚಿದ್ದು ನರ ಇನ್ನೂ ಕೆಡದ 1,636 ಜನರನ್ನು ಅಮೆರಿಕದಲ್ಲಿ ಎರಡು ಗುಂಪು ಮಾಡಿ, ಒಂದಕ್ಕೆ ಹನಿ ಕೊಟ್ಟು ಇನ್ನೊಂದನ್ನು ಬರೀ ಗಮನಿಸಿದರು. 2002ರಲ್ಲಿ ಪ್ರಕಟವಾದ ಫಲಿತಾಂಶದಂತೆ ಐದು ವರ್ಷಗಳಲ್ಲಿ ಗ್ಲಾಕೋಮಾ ತಗುಲಿದ್ದು ಹನಿ ಹಾಕಿದವರಲ್ಲಿ ಶೇ 4.4, ಹಾಕದವರಲ್ಲಿ ಶೇ 9.5. ಹನಿಯ ಬಲ ಇದರಿಂದ ಸಾಬೀತಾಯಿತು. ಜೊತೆಗೆ, ಹನಿ ಇಲ್ಲದೆಯೂ ಹತ್ತರಲ್ಲಿ ಒಂಬತ್ತು ಜನ ಐದು ವರ್ಷ ಕ್ಷೇಮವಾಗಿದ್ದರು ಎಂಬುದೂ. ಪ್ರೆಶರ್ ಇದ್ದವರಿಗೆಲ್ಲ ಹನಿ ಬರೆಯದೆ, ವಯಸ್ಸು, ಕಾರ್ನಿಯಾದ ದಪ್ಪ, ನರದ ಸ್ಥಿತಿ ನೋಡಿ ವೈದ್ಯರು ತೀರ್ಮಾನಿಸುವುದು ಇದೇ ಕಾರಣಕ್ಕೆ. ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಂಡ ಸ್ಟಿರಾಯ್ಡ್ ಹನಿ ಒತ್ತಡವನ್ನು ಏರಿಸಬಲ್ಲದು ಎಂಬುದೂ ಇದರ ಪಕ್ಕದಲ್ಲೇ ಹೇಳಬೇಕಾದ ಮಾತು.

ಈ ಅಧ್ಯಯನದ ಮುಂದಾಳು ಮೈಕೆಲ್ ಕಾಸ್ 1986ರಲ್ಲಿ ಇನ್ನೊಂದು ಲೆಕ್ಕ ಹಿಡಿದಿದ್ದ. ಪೈಲೋಕಾರ್ಪಿನ್ ಸೀಸೆಗೆ, ಹನಿ ಹಾಕಿದಾಗಲೆಲ್ಲ ದಾಖಲಿಸಿಕೊಳ್ಳುವ ಎಲೆಕ್ಟ್ರಾನಿಕ್ ಸಾಧನ ಅಳವಡಿಸಿ ರೋಗಿಗಳಿಗೆ ಕೊಟ್ಟ. ತಾವು ಶೇ 97ರಷ್ಟು ಸಲ ತಪ್ಪದೆ ಹಾಕಿದ್ದೇವೆಂದು ಅವರು ಹೇಳಿದರು. ಸೀಸೆ ಹೇಳಿದ್ದು ಶೇ 76. ವೈದ್ಯರ ಭೇಟಿಯ ಹಿಂದಿನ ದಿನ ಮಾತ್ರ ಶಿಸ್ತು ಹೆಚ್ಚುತ್ತಿತ್ತು. ಇದು ಬರೀ ಮರೆವಲ್ಲ. ವಯಸ್ಸಾದವರ ಕೈ ನಡುಗುತ್ತದೆ, ಹನಿ ಹುಬ್ಬಿನ ಮೇಲೆ ಬೀಳುತ್ತದೆ, 2.5 ಮಿಲಿಲೀಟರಿನ ಸೀಸೆ ತಿಂಗಳಿಗೆ ಮೊದಲೇ ಬರಿದಾಗುತ್ತದೆ. ತಲೆ ಹಿಂದಕ್ಕೆ ಬಾಗಿಸಿ, ಕೆಳರೆಪ್ಪೆಯನ್ನು ಎಳೆದು ಆಗುವ ಬೊಗಸೆಗೆ ಒಂದೇ ಹನಿ ಬಿಟ್ಟು, ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿನಿಂದ ಒಂದೆರಡು ನಿಮಿಷ ಒತ್ತಿ ಹಿಡಿಯುವುದು ಸರಿಯಾದ ಕ್ರಮ. ಗಂಟಲಿಗೆ ಹೋಗುವ ದಾರಿ ಆಗ ಮುಚ್ಚಿರುತ್ತದೆ. ಎರಡು ಬಗೆಯ ಹನಿಗಳಿದ್ದರೆ ನಡುವೆ ಐದು ನಿಮಿಷ ಬಿಡಬೇಕು, ಇಲ್ಲವಾದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ.

ಕೈಯ ಮೇಲಿನ ಈ ಅವಲಂಬನೆಯನ್ನೇ ತಪ್ಪಿಸುವ ಯತ್ನಗಳೂ ಹಳೆಯವೇ. ವಾರವಿಡೀ ಪೈಲೋಕಾರ್ಪಿನ್ ಒಸರುವ ತೆಳು ಬಿಲ್ಲೆಯೊಂದನ್ನು ರೆಪ್ಪೆಯ ಕೆಳಗಿಡುವ ಓಕ್ಯುಸರ್ಟ್ 1974ರಲ್ಲಿ ಬಂದು, ನಿದ್ದೆಯಲ್ಲಿ ಜಾರಿ ಬಿದ್ದು, ಹೆಚ್ಚು ಜನರಿಗೆ ಹಿಡಿಸಲಿಲ್ಲ. ಬ್ರಿಟನ್ನಿನಲ್ಲಿ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜಾಲರಿಗೆ ಲೇಸರ್ ಹಾಯಿಸಿಯೇ ಚಿಕಿತ್ಸೆ ಶುರು ಮಾಡಿದವರಲ್ಲಿ ನಾಲ್ಕರಲ್ಲಿ ಸುಮಾರು ಮೂವರಿಗೆ ಮೂರು ವರ್ಷವಾದರೂ ಹನಿ ಬೇಕಾಗಿರಲಿಲ್ಲ. 2020ರಲ್ಲಿ ಅಮೆರಿಕ ಒಪ್ಪಿದ ಸೂಕ್ಷ್ಮ ಕಡ್ಡಿಯೊಂದನ್ನು ವೈದ್ಯರು ಸೂಜಿಯಿಂದ ಕಣ್ಣಿನ ಒಳಗೇ ಇಡುತ್ತಾರೆ; ಅದು ಅಲ್ಲೇ ಕರಗುತ್ತ ತಿಂಗಳುಗಟ್ಟಲೆ ಔಷಧ ಬಿಡುತ್ತದೆ. ಕಡ್ಡಿಯಲ್ಲಿರುವುದು ಹೊಸ ಔಷಧವೇನಲ್ಲ, ರೆಪ್ಪೆಗೂದಲು ಬೆಳೆಸುವ ಅದೇ ಬೈಮ್ಯಾಟೊಪ್ರಾಸ್ಟ್.