ರೂಟರ್ ಕೊಳ್ಳುವ ಮೊದಲು ಮನೆಯ ವಯರು ನೋಡಿ

ಒಕ್ಕಣೆ ಮುಗಿದರೆ ಮುಂಗಾರು ಬರುವ ತನಕ ನಮ್ಮಂಥ ಒಣಬೇಸಾಯದವರಿಗೆ ಹೊಲದಲ್ಲಿ ಹೆಚ್ಚು ಕೆಲಸ ಇರೋದಿಲ್ಲ. ಮರಗೆಲಸ ಬಲ್ಲವರು ಆಗ ಬಾಗಿಲು, ಕಿಟಕಿ, ಮಂಚ ಮಾಡಿ ನಾಲ್ಕು ಕಾಸು ನೋಡುತ್ತಾರೆ. ಈಚೆಗೆ ಇಂಥವರಿಗೆಲ್ಲ ರೂಟರ್ ಮೇಲೆ ಕಣ್ಣು. (ಪೇಟೆಯಲ್ಲಿ ಬರೀ ರೂಟರ್ ಅಂದ್ರೆ ಇಂಟರ್‌ನೆಟ್ ಡಬ್ಬಿ ತೋರಿಸ್ತಾರೆ, ಮರಗೆಲಸದ್ದು ಅಂತ ಬಿಡಿಸಿ ಹೇಳಿ.)

ಕೆಳಮುಖವಾಗಿ ನಿಲ್ಲಿಸಿದ ಮೋಟಾರು, ಅದರ ಬಾಯಿಗೆ ಕಚ್ಚಿಸಿದ ಹರಿತವಾದ ಬಿಟ್, ಇಷ್ಟೇ ಈ ಯಂತ್ರ. ಹಲಗೆಯ ಅಂಚು ಗುಂಡಗೆ ಮಾಡುವುದು, ಉದ್ದಕ್ಕೆ ತೋಡು ತೆಗೆಯುವುದು, ಹಿಂಜು ಕೂರಲು ಕಚ್ಚು ಹಾಕುವುದು ಇದರ ಕೆಲಸ.

ಸಿಗುವುದರಲ್ಲಿ ಮುಖ್ಯವಾಗಿ ಎರಡು ತರ. ಒಂದು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಬಡಗಿಗಳು ಟ್ರಿಮ್ಮರ್ ಅನ್ನುತ್ತಾರೆ. 500ರಿಂದ 700 ವ್ಯಾಟ್, ನಿಮಿಷಕ್ಕೆ 30,000 ಸುತ್ತಿನ ಆಸುಪಾಸು. ಇನ್ನೊಂದು ಎರಡು ಹಿಡಿಕೆಯ ದೊಡ್ಡದು. 1,600ರಿಂದ 1,850 ವ್ಯಾಟ್, ಬಿಟ್ಟಿನ ಕಾಂಡ 12 ಮಿ.ಮೀ. ಇದನ್ನು ಮರದ ಮೇಲಿಟ್ಟು ಒತ್ತಿದರೆ ಬಿಟ್ ಕೆಳಗಿಳಿಯುತ್ತದೆ. ಮನೆಮಟ್ಟಿಗೆ ಮಂಚ, ಕಪಾಟು, ಮೈಕಾ ಅಂಚು ಅಂದರೆ ಚಿಕ್ಕದು ಧಾರಾಳ ಸಾಕು. ವರ್ಷಕ್ಕೆ ಹತ್ತಾರು ಬಾಗಿಲು ಮಾಡುವವರಿಗೆ ಮಾತ್ರ ದೊಡ್ಡದರ ದುಡ್ಡು ಹುಟ್ಟುತ್ತದೆ.

ಆದರೆ ದೊಡ್ಡದಕ್ಕೆ ಕೈಹಾಕುವ ಮೊದಲು ಮನೆಯ ಕರೆಂಟ್ ನೋಡಿ. ಅಂಗಡಿಯವರು ಇದನ್ನು ಹೇಳೋದಿಲ್ಲ. 1,850 ವ್ಯಾಟ್ ಅಂದರೆ 230 ವೋಲ್ಟಿನಲ್ಲಿ 8 ಆಂಪಿಯರ್. ಫ್ಯಾನು, ಟಿವಿಗೆ ಇರುವ ಸಣ್ಣ ಪ್ಲಗ್ಗು ಇದನ್ನು ತಡೆಯೋದಿಲ್ಲ, ಮಿಕ್ಸಿಗೆ ಹಾಕಿದ ತೆಳು ವಯರು ಬಿಸಿಯಾಗುತ್ತದೆ. ದೊಡ್ಡ ಪ್ಲಗ್ಗು, 2.5 ಚದರ ಮಿ.ಮೀ. ತಾಮ್ರದ ವಯರು, ಅರ್ತಿಂಗ್ ಇರಬೇಕು. ಬೇಸಿಗೆ ಸಂಜೆ ವೋಲ್ಟೇಜ್ 180ಕ್ಕೆ ಇಳಿಯುವ ಊರುಗಳಲ್ಲಿ ಮೋಟಾರು ಸೊರಗುತ್ತದೆ, ನಾವು ಇನ್ನಷ್ಟು ಒತ್ತುತ್ತೇವೆ, ಅದು ಸುಡುತ್ತದೆ. ಚಿಕ್ಕದಕ್ಕಾದರೆ 3 ಆಂಪಿಯರ್ ಸಾಕು, ಈ ತಾಪತ್ರಯ ಕಡಿಮೆ.

ದೊಡ್ಡದೇ ಬೇಕಾದರೆ ವೇಗ ಹೆಚ್ಚುಕಡಿಮೆ ಮಾಡುವ ಗುಂಡಿ ಇದ್ದದ್ದನ್ನೇ ತನ್ನಿ. ಲೆಕ್ಕ ನೋಡಿ: 24,000 ಸುತ್ತಿನಲ್ಲಿ 12 ಮಿ.ಮೀ. ಬಿಟ್ಟಿನ ತುದಿ ಗಂಟೆಗೆ ಸುಮಾರು 54 ಕಿ.ಮೀ. ವೇಗದಲ್ಲಿ ಓಡುತ್ತದೆ. ಅದೇ ಸುತ್ತಿನಲ್ಲಿ 50 ಮಿ.ಮೀ. ಅಗಲದ ಬಿಟ್ ಹಾಕಿದರೆ 226 ಕಿ.ಮೀ.! ಮರ ಸುಟ್ಟು ಕಪ್ಪಾಗುತ್ತದೆ, ಯಂತ್ರ ಕೈಯಿಂದ ಹಾರಿದರೂ ಹಾರೀತು. ಬಿಟ್ ಅಗಲವಾದಷ್ಟೂ ಸುತ್ತು ಇಳಿಸಬೇಕು.

ಬಿಟ್ಟಿನ ಖರ್ಚು ಬೇರೆ. ತುದಿಗೆ ಕಾರ್ಬೈಡ್ ಬೆಸೆದದ್ದೇ ಬೇಕು. ಬರೀ ಉಕ್ಕಿನದು ಬೇವು, ತೇಗಕ್ಕೇ ಬೇಗ ಮೊಂಡಾಗುತ್ತದೆ, ಜಾಲಿಗಂತೂ ಕೇಳಬೇಡಿ. ಕೊಳ್ಳುವಾಗ ಕಾಂಡದ ಅಳತೆ ನೋಡಿ. 6 ಮಿ.ಮೀ. ಬೇರೆ, ಕಾಲಿಂಚು ಅಂದರೆ 6.35 ಮಿ.ಮೀ. ಬೇರೆ. ಕಣ್ಣಿಗೆ ಒಂದೇ ಕಂಡರೂ ಕಾಲಿಂಚಿನ ಬಾಯಿಗೆ 6ರ ಕಾಂಡ ಹಾಕಿದರೆ ಹಿಡಿತ ಸಿಗದೆ ನಡುವೆ ಜಾರುತ್ತದೆ. 12 ಮತ್ತು ಅರ್ಧ ಇಂಚಿನದೂ ಇದೇ ಕಥೆ.

ಕೆಲವರಿಗೆ ಕುಂಟೆ, ಕೂರಿಗೆ ಕೆಲಸವೂ ಇದರಲ್ಲೇ ಆದೀತು ಅನ್ನುವ ಆಸೆ. ಆಗದು. ಕರಿಜಾಲಿ ದಿಂಡಿಗೆ ತಾಳು ಕೂರಿಸುವ ತೂತು ಆರಪಾರ ಹೋಗಬೇಕು. ರೂಟರ್ ಬಿಟ್ ಸಾಮಾನ್ಯವಾಗಿ ಎರಡು ಇಂಚಿಗಿಂತ ಆಳ ಹೋಗೋದಿಲ್ಲ. ಅಲ್ಲಿ ಬೈರಿಗೆ, ಉಳಿ, ಕೊಡತಿಯೇ ಸರಿ. ಬರೀ ಉಪಕರಣದ ರಿಪೇರಿ ಮಾಡುವವರಿಗೆ ಈ ಯಂತ್ರ ಬೇಡವೇ ಬೇಡ.

ಓಡಿಸುವ ರೀತಿಯಲ್ಲೂ ಒಂದು ಗುಟ್ಟಿದೆ. ಹಲಗೆಯ ಅಂಚು ನಿಮ್ಮ ಎದುರಿಗಿದ್ದರೆ ಎಡದಿಂದ ಬಲಕ್ಕೆ ತಳ್ಳಬೇಕು. ಉಲ್ಟಾ ತಳ್ಳಿದರೆ ಬಿಟ್ ಮರ ಕಚ್ಚಿ, ಬೆದರಿದ ಹೋರಿಯ ಹಾಗೆ ಯಂತ್ರವನ್ನು ಎಳೆದೊಯ್ಯುತ್ತದೆ. ಗಟ್ಟಿ ಮರದಲ್ಲಿ ಒಂದು ಸಲಕ್ಕೆ 3 ಮಿ.ಮೀ. ಆಳ ಸಾಕು, ನಾಲ್ಕು ಸಲ ಓಡಿಸಿ. ಬಿಟ್ ಬದಲಿಸುವಾಗ ಸ್ವಿಚ್ಚು ಆರಿಸಿದರೆ ಸಾಲದು, ಪ್ಲಗ್ ಕೀಳಬೇಕು. ಕಣ್ಣಿಗೆ ಕನ್ನಡಕ, ಮೂಗಿಗೆ ಬಟ್ಟೆ ಇರಲಿ. ಟವೆಲು ಹೆಗಲಿಗೆ ಹಾಕಿಕೊಂಡು ಇದರ ಹತ್ತಿರ ಬರಬೇಡಿ.

ಕಂಪೆನಿ ಯಾವುದಾದರೂ ಆಗಲಿ, ದುಡ್ಡು ಎಣಿಸುವ ಮೊದಲು ಒಂದು ಮಾತು ಕೇಳಿ: ‘ಇದರ ಕಾರ್ಬನ್ ಬ್ರಷ್ ನಮ್ಮ ತಾಲ್ಲೂಕಿನಲ್ಲಿ ಸಿಗ್ತದಾ?’ ಸವೆಯುವ ಸಾಮಾನು ಅದು. ಸಿಗುವುದಾದರೆ ಆಗಲೇ ಒಂದು ಜೊತೆ ತಂದಿಡಿ.